ಮುದ್ದೆ ಸೇರದ ಚಿಂತಾಮಣಿಯವರಿಗೆ

ಓದುಗರ ಪತ್ರ (ಸಂಗ್ರಹ): ಕಳೆದ ಸಂಚಿಕೆಯಲ್ಲಿ ಮುದ್ದೆ, ಬಸ್ಸಾರನ್ನು ನೀವು ಹೊಗಳಿದ್ದು ಓದಿ ಸಾಕಾಯಿತು. ನಾನೂ ಚಿಂತಾಮಣಿಯವಳೇ. ಚಿಕ್ಕಂದಿನಿಂದ ನನಗೆ ಮುದ್ದೆ ಸೇರದು, ಸೊಪ್ಪಿನ ಸಾರು ಅಂದರೆ ಎದ್ದು ಓಡುತ್ತಿದ್ದೆ. ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಈಚೆಗೆ ಕೋಲಾರದ ಹೆದ್ದಾರಿಯ ಹೋಟೆಲೊಂದರಲ್ಲಿ ಮತ್ತೆ ತಿಂದು ನೋಡಿದೆ, ಅದೇ ಕಥೆ. ನೀವು ಹೊಗಳುವುದು ರುಚಿಯನ್ನೋ, ಊರಿನ ಅಭಿಮಾನವನ್ನೋ? ಇನ್ನೊಂದು: ಐದು ವರ್ಷದ ಮಗಳು ಮೆಂತ್ಯ ಸೊಪ್ಪು ಉಗಿಯುತ್ತಾಳೆ. ಬಲವಂತ ಮಾಡಿ ತಿನ್ನಿಸಲೇ?

ಸಂಪಾದಕರ ಉತ್ತರ:

ಅಭಿಮಾನವೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಮುದ್ದೆಯ ಮೇಲಿನ ದೂರಿಗೆ ಹೆದ್ದಾರಿ ಹೋಟೆಲನ್ನು ಸಾಕ್ಷಿಗೆ ಕರೆದಿದ್ದೀರಲ್ಲ, ನನ್ನ ತಕರಾರು ಅಲ್ಲಿ. ಮನೆಯ ಮುದ್ದೆ ನಿಮಗೆ ಸೇರದಿದ್ದರೆ ಅದು ನಿಮ್ಮ ನಾಲಿಗೆಯ ವಿಚಾರ, ನಾನು ಮಧ್ಯೆ ಬರುವುದಿಲ್ಲ. ಹೋಟೆಲಿನದು ಸೇರದಿದ್ದರೆ ಮಾತ್ರ ಬಹಳ ಸಲ ನಾನೂ ನಿಮ್ಮ ಕಡೆಯೇ.

ಮುದ್ದೆಗೆ ತನ್ನದೇ ರುಚಿ ಅಷ್ಟಕ್ಕಷ್ಟೆ. ಅಗಿಯುವ ಹಾಗಿಲ್ಲ, ಮುರಿದು ಸಾರಲ್ಲಿ ಹೊರಳಿಸಿ ನುಂಗಬೇಕು. ಊಟ ನಿಂತಿರುವುದು ಸಾರಿನ ಮೇಲೆ ಮತ್ತು ಬಿಸಿಯ ಮೇಲೆ. ಹನ್ನೆರಡಕ್ಕೆ ಕಟ್ಟಿ ಹಾಟ್‌ಬಾಕ್ಸಿಗೆ ಹಾಕಿದ ಮುದ್ದೆ ಎರಡು ಗಂಟೆಗೆ ತಟ್ಟೆಗೆ ಬಂದರೆ ಮೇಲೆ ಚರ್ಮ ಕಟ್ಟಿ ಒಳಗೆ ಬಿಗಿದುಕೊಂಡಿರುತ್ತದೆ. ಅದನ್ನು ನುಂಗಲು ಹುಟ್ಟಾ ಕೋಲಾರದವರಿಗೂ ಕಷ್ಟ.

ಬಸ್ಸಾರಿನ ಪಾಡು ಇನ್ನೂ ಕಷ್ಟದ್ದು. ಸೊಪ್ಪು, ಕಾಳು ಬೇಯಿಸಿ, ಕಟ್ಟು ಬಸಿದು, ಈರುಳ್ಳಿ, ಬೆಳ್ಳುಳ್ಳಿ ಹುರಿದು, ಜೀರಿಗೆ, ಮೆಣಸು, ಹುಣಸೆಯ ಜೊತೆ ಬೆಂದ ಸೊಪ್ಪನ್ನೂ ಒಂದು ಹಿಡಿ ಹಾಕಿ ರುಬ್ಬಿ ಆ ಕಟ್ಟಿಗೆ ಬೆರೆಸಬೇಕು. ಮಿಕ್ಕಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಇದಾವುದೂ ಹೋಟೆಲಿನ ಭಟ್ಟರಿಗೆ ಬಾರದ ವಿದ್ಯೆಯಲ್ಲ. ಕೂತು ಸೊಪ್ಪು ಬಿಡಿಸುವವರು ಯಾರು ಅನ್ನುವುದೇ ಪ್ರಶ್ನೆ. ನಮ್ಮ ಕಡೆಯ ಬೆರಕೆ ಸೊಪ್ಪು ಅಂದರೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಕೈಗೆ ಸಿಕ್ಕಿದ ಅಣ್ಣೆ, ಗೋಣಿ, ಕೀರೆ, ಹೊನಗೊನೆ, ಗಣಿಕೆ. ಇವತ್ತಿನ ಬೆರಕೆ ನಾಳೆ ಇಲ್ಲ. ದಿನಾ ಬೆಳಗ್ಗೆ ಇಂತಿಷ್ಟು ಕೆಜಿ ಅಂತ ಮಾರುಕಟ್ಟೆಯಿಂದ ತರಿಸಲು ಆಗದ ಸಾಮಾನು ಅದು. ಹಾಗಾಗಿ ಹೋಟೆಲಿನವರು ದಂಟೋ ಪಾಲಕ್ಕೋ ಹಿಡಿದು ಯುಗಾದಿಗೂ ದೀಪಾವಳಿಗೂ ಒಂದೇ ಸಾರು ಬಡಿಸುತ್ತಾರೆ. ಬಣ್ಣ ಹಸಿರಾಗಿರಲಿ ಅಂತ ಚಿಟಿಕೆ ಸೋಡವನ್ನೂ ಹಾಕುವವರುಂಟು. ಬಣ್ಣವೇನೋ ನಿಲ್ಲುತ್ತದೆ, ಸೊಪ್ಪು ಮಾತ್ರ ಲೊಳಲೊಳ ಅನ್ನುತ್ತದೆ.

ಅವರೆಕಾಯಿಯದೂ ಇದೇ ಹಾಡು. ಡಿಸೆಂಬರ್, ಜನವರಿಯ ಚಳಿಯಲ್ಲಿ ಇಬ್ಬನಿ ಬಿದ್ದ ಗಿಡದ ಕಾಯಿಗೇ ಆ ಸೊಗಡು. ಕಾಳು ನೆನೆಸಿ, ಮನೆಮಂದಿಯೆಲ್ಲ ಕೂತು ಒಂದೊಂದಾಗಿ ಹಿತಕಿ, ಸಾರು ಮಾಡುವುದು ಅರ್ಧ ದಿನದ ಕೆಲಸ. ವರ್ಷವಿಡೀ ಸಿಗುವ ಪ್ಯಾಕೆಟ್ಟಿನ ಹಿತಕಿದ ಬೇಳೆಯನ್ನು ತಿಂದು ಇಷ್ಟೇನಾ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ನಿಜಕ್ಕೂ ಅದು ಅಷ್ಟೇ.

ಹಾಗಂತ ಮನೆಯೇ ಸ್ವರ್ಗ, ಹೋಟೆಲೆಲ್ಲ ದಂಡ ಅನ್ನುವವನೂ ನಾನಲ್ಲ. ದಪ್ಪಗೆ, ಹೊರಗೆ ಗರಿಗರಿ ಒಳಗೆ ಮೆತ್ತಗೆ ಇರುವ ಮುಳಬಾಗಿಲು ದೋಸೆಯನ್ನು ಮನೆಯ ಕಾವಲಿಯಲ್ಲಿ ಎಬ್ಬಿಸಿದವರನ್ನು ನಾನಿನ್ನೂ ಕಂಡಿಲ್ಲ. ಬೆಳಗಿನಿಂದ ಇಳಿಸದೆ ಉರಿಯ ಮೇಲಿರುವ ಆ ದೊಡ್ಡ ಹಂಚಿನ ಕಾವು ನಮ್ಮ ಗ್ಯಾಸ್ ಒಲೆಗೆ ಎಲ್ಲಿಂದ ಬರಬೇಕು? ತುಮಕೂರಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಹಾಗೆ: ಹಬೆಯಿಂದ ಇಳಿದು ನೇರ ಎದುರಿಗೆ ಬರಬೇಕು, ಬೆಣ್ಣೆ ಅದರ ಮೇಲೆ ತಾನಾಗಿ ಕರಗಬೇಕು. ಇವು ಹೋಟೆಲಿನಲ್ಲೇ ಬೆಳೆದ ತಿಂಡಿಗಳು, ಅಲ್ಲೇ ಚೆನ್ನ. (ಸಾಂಬಾರಿಗೆ ಬೆಲ್ಲ ಹಾಕುವ ಹೋಟೆಲುಗಳ ಬಗ್ಗೆಯೂ ನೀವು ಎರಡು ಪುಟ ಬೈದಿದ್ದೀರಿ. ಪೂರ್ತಿ ಒಪ್ಪಿದೆ. ಉಡುಪಿ ಕಡೆಯ ಓದುಗರು ಕ್ಷಮಿಸಬೇಕು.)

ಇನ್ನು ಚಿಕ್ಕಂದಿನ ಮಾತು. ಕಹಿ ಎಲ್ಲರ ನಾಲಿಗೆಗೂ ಒಂದೇ ಅಲ್ಲ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಜೊತೆಗಿದ್ದವರು ವಿಪರೀತ ಕಹಿ ಅಂದರು, ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಈ ವ್ಯತ್ಯಾಸ ಹುಟ್ಟಿನಿಂದ ಬರುವಂಥದ್ದು ಎಂದು ಆಮೇಲೆ ತಿಳಿಯಿತು; 2003ರಲ್ಲಿ ಅದಕ್ಕೆ ಕಾರಣವಾದ ಜೀನ್ ಕೂಡ ಸಿಕ್ಕಿತು. ಎಲ್ಲ ಕಹಿಗೂ ಅದೊಂದೇ ಜೀನ್ ಹೊಣೆಯಲ್ಲ. ಆದರೂ ಒಂದೇ ಪಂಕ್ತಿಯಲ್ಲಿ ಕೂತ ಅಣ್ಣ ಚಪ್ಪರಿಸಿ, ತಂಗಿ ಮುಖ ಕಿವುಚಿದರೆ ಅದು ಬರೀ ಹಟ ಅನ್ನುವ ಹಾಗಿಲ್ಲ. ನಿಮ್ಮ ನೆಂಟರಿಗೆ ಇಷ್ಟು ಓದಿ ಹೇಳಿ.

ಮಗಳಿಗೆ ಬಲವಂತ ಬೇಡ. ಸುಮಾರು ಎರಡರಿಂದ ಆರು ವರ್ಷದವರೆಗೆ ಹೊಸ ತಿನಿಸನ್ನು ಅನುಮಾನದಿಂದ ನೋಡುವುದು ಮಕ್ಕಳ ಸಹಜ ಸ್ವಭಾವ. ಒಂದೇ ಪದಾರ್ಥ ಹತ್ತಾರು ಸಲ ಕಣ್ಣಿಗೆ, ನಾಲಿಗೆಗೆ ಬಿದ್ದ ಮೇಲೆ ಒಗ್ಗುವುದೂ ಅಷ್ಟೇ ಸಹಜ. ನಡುವೆ ಒಮ್ಮೆ ಬಾಯಿ ಹಿಡಿದು ತುರುಕಿದರೆ ಸೊಪ್ಪಿನ ಜೊತೆ ಆ ಜಗಳವೂ ನೆನಪಿನಲ್ಲಿ ಉಳಿಯುತ್ತದೆ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಅಜ್ಜಿ ಕೋಲು ಹಿಡಿದು ಊಟಕ್ಕೆ ಕೂರಿಸುತ್ತಿದ್ದರೆಂದು ಬರೆದಿದ್ದೀರಿ. ನಿಮಗೆ ಸೇರದ್ದು ಬಸ್ಸಾರೋ ಕೋಲೋ ಎಂದು ನನಗೆ ಅನುಮಾನ. ಮೆಂತ್ಯವನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಕಾಯಿತುರಿ ಸೇರಿಸಿ ರಾಗಿ ರೊಟ್ಟಿಗೆ ಹಾಕಿ ನೋಡಿ. ಉಪ್ಪು ಹದವಾಗಿರಲಿ, ಅದು ಕಹಿಯನ್ನು ಅಡಗಿಸುತ್ತದೆ. ಮಗು ಬಿಟ್ಟರೆ ತಟ್ಟೆ ಎತ್ತಿಡಿ, ಭಾಷಣ ಬೇಡ.

ಮುದ್ದೆ ಉಣ್ಣದಿದ್ದರೆ ಮೂಳೆ ಗಟ್ಟಿಯಾಗದು ಅನ್ನುವ ಬೆದರಿಕೆಗೂ ಹೆದರಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಅಕ್ಕಿ ಅದರ ಹತ್ತಿರಕ್ಕೂ ಬರದು. ಆದರೆ ರಾಗಿ ರೊಟ್ಟಿ, ದೋಸೆ, ಅಂಬಲಿಯಲ್ಲಿರುವುದೂ ಅದೇ ಕ್ಯಾಲ್ಸಿಯಂ.

ನನಗೆ ಪಡವಲಕಾಯಿ ಇವತ್ತಿಗೂ ಆಗದು. ಮನೆಯಲ್ಲಿ ಮಾಡಿದ ದಿನ ಉಪ್ಪಿನಕಾಯಿ, ಮೊಸರನ್ನದಲ್ಲಿ ಊಟ ಮುಗಿಸುತ್ತೇನೆ, ಯಾರೂ ಕೇಳುವುದಿಲ್ಲ. ನೀವೂ ಅವರೆ ಕಾಲದಲ್ಲಿ ಊರಿಗೆ ಹೋದಾಗ ಹಿತಕಿದ ಬೇಳೆ ಸಾರಿಗೆ ಬಿಸಿ ಅನ್ನವನ್ನೇ ಹಾಕಿಕೊಂಡು ಉಣ್ಣಿ. ಮುದ್ದೆ ಎಲ್ಲಿ ಅಂತ ಯಾರಾದರೂ ಕೇಳಿದರೆ, ಸಂಪಾದಕರ ಅಪ್ಪಣೆಯಾಗಿದೆ ಅನ್ನಿ.