‘ಏನೂ ಆಗಲ್ಲ’ ಅಂದರೆ ಸಾಕೇ?

ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: ಏಳು ವರ್ಷದ ಮಗ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಮೇಲೆ ಕಾಲಿಟ್ಟು ಜಾರಿದ, ಮೆಟ್ಟಿಲಿಗೆ ತಲೆ ಬಡಿಯಿತು. ಮತ್ತೆ ಮತ್ತೆ ವಾಂತಿ. ರಾತ್ರಿಯೇ ಮಂಗಳೂರಿಗೆ ಹೋಗಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿನಲ್ಲಿ ತೊಂದರೆ ಏನಿಲ್ಲ. ಮಾರನೇ ದಿನ ವಾಟ್ಸಾಪಿನಲ್ಲಿ ‘ಒಂದು ಸಿಟಿ ಅಂದರೆ ನೂರು ಎಕ್ಸ್‌ರೇ’ ಅಂತ ಮೆಸೇಜು ಬಂತು. ಡಾಕ್ಟರಲ್ಲಿ ಕೇಳಿದರೆ ‘ಏನೂ ಆಗಲ್ಲಮ್ಮಾ’ ಅಂದರು. ‘ಯಾರನ್ನು ನಂಬಲಿ?’

ಅಕ್ಕಾ, ಮೊದಲು ಇದನ್ನು ಕೇಳಿ. ಆ ರಾತ್ರಿ ನೀವು ಮಾಡಿದ್ದು ಸರಿ. ತಲೆಗೆ ಪೆಟ್ಟಾಗಿ ವಾಂತಿ ನಿಲ್ಲದಿದ್ದರೆ ಒಳಗೆ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು, ಅದು ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಹುದು.

ಮೆಸೇಜು ಸುಳ್ಳಲ್ಲ. ಎರಡರಲ್ಲೂ ಮೈಗೆ ವಿಕಿರಣ ತಗಲುತ್ತದೆ, ಅದನ್ನು ಅಳೆಯುವುದು ಮಿಲಿಸೀವರ್ಟ್ ಲೆಕ್ಕದಲ್ಲಿ. ತಲೆಯ ಸಿಟಿಗೆ ಸುಮಾರು 2 ಮಿಲಿಸೀವರ್ಟ್, ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02. ಭಾಗಿಸಿದರೆ ನೂರೇ. ಆದರೆ ಆ 0.02 ಎಷ್ಟು ಸಣ್ಣದು ಅಂತ ಹೇಳದೆ ಬರೀ ನೂರು ಅಂದರೆ ಯಾವ ತಾಯಿಗೆ ನಿದ್ದೆ ಬರುತ್ತದೆ? ಮಣ್ಣು, ಕಲ್ಲು, ಗಾಳಿ, ಆಕಾಶ, ಉಣ್ಣುವ ಅನ್ನ, ಇವೆಲ್ಲದರಿಂದ ಸುಮ್ನೆ ಮನೆಯಲ್ಲಿ ಕೂತವರಿಗೂ ವರ್ಷಕ್ಕೆ 2.4 ಮಿಲಿಸೀವರ್ಟ್ ತಗಲುತ್ತದೆ, ಇದು ಜಗತ್ತಿನ ಸರಾಸರಿ. ಮಗನಿಗೆ ಆ ರಾತ್ರಿ ತಗಲಿದ್ದು ಹತ್ತು ತಿಂಗಳಿನಷ್ಟು.

ಹಾಗಂತ ‘ಏನೂ ಆಗಲ್ಲ’ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಇದೇ ಮಾತು ಕೇಳಿಸಿಕೊಂಡ ಊರು ನಮ್ಮದು. ಅಪಾಯ ಸಣ್ಣದಿದ್ದರೆ ಎಷ್ಟು ಸಣ್ಣದು ಅಂತ ಹೇಳಲಿ, ನಮಗೆ ಅರ್ಥವಾಗುತ್ತದೆ.

ಮಕ್ಕಳಿಗೆ ವಿಕಿರಣದ ಅಪಾಯ ದೊಡ್ಡವರಿಗಿಂತ ಜಾಸ್ತಿ. 1985ರಿಂದ 2002ರವರೆಗೆ ಬ್ರಿಟನ್ನಿನಲ್ಲಿ ಸಿಟಿ ಮಾಡಿಸಿಕೊಂಡ ಸುಮಾರು 1.78 ಲಕ್ಷ ಮಕ್ಕಳು ಮತ್ತು ಹರೆಯದವರ ಲೆಕ್ಕ 2012ರಲ್ಲಿ ಹೊರಬಂತು. ಹತ್ತು ವರ್ಷದೊಳಗಿನ ಮಕ್ಕಳಿಗೆ 10,000 ತಲೆಯ ಸಿಟಿ ಮಾಡಿದರೆ, ಮುಂದಿನ ಹತ್ತು ವರ್ಷದಲ್ಲಿ ಒಂದು ರಕ್ತದ ಕ್ಯಾನ್ಸರ್, ಒಂದು ಮೆದುಳಿನ ಗೆಡ್ಡೆ ಹೆಚ್ಚುವರಿಯಾಗಿ ಬರಬಹುದು ಅಂತ ಅದರ ಅಂದಾಜು.

ಹತ್ತು ಸಾವಿರ ಅಂದರೆ ಎಷ್ಟು? ನಿಮ್ಮ ಜಗಲಿಯ ಮೂಲೆಯಲ್ಲಿ ಚಾಲಿ ಅಡಿಕೆ ತುಂಬಿಸಿ ಬಾಯಿ ಹೊಲಿದ ದೊಡ್ಡ ಗೋಣಿ ಇರುತ್ತದಲ್ವಾ, ಹೆಚ್ಚುಕಡಿಮೆ ಅಷ್ಟು. ಅದರಲ್ಲಿ ಎರಡು ಅಡಿಕೆಗೆ ಸುಣ್ಣದ ಗುರುತು ಹಾಕಿ ಕಲಸಿಬಿಡಿ. ಕಣ್ಣು ಮುಚ್ಚಿ ಒಂದು ತೆಗೆದರೆ ಗುರುತಿನದ್ದೇ ಕೈಗೆ ಬರುವುದು ತೀರಾ ಅಪರೂಪ. ಆದರೆ ಆ ಎರಡು ಗೋಣಿಯಲ್ಲಿ ಇವೆ.

ಅದಕ್ಕೇ ಬೇಡದ ಸಿಟಿ ಬೇಡ. ಈ ಸಲದ ಸಿಡಿ, ಫಿಲ್ಮ್ ಜೋಪಾನ ಮಾಡಿ. ಮುಂದೆ ಯಾರಾದರೂ ಸಿಟಿ ಬರೆದರೆ ಮೊದಲು ಅದನ್ನು ತೋರಿಸಿ, ‘ಈಗಲೇ ಬೇಕಾ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸಾಕಾಗುತ್ತದಾ’ ಅಂತ ಕೇಳಿ. ಅವೆರಡರಲ್ಲೂ ಈ ಥರದ ವಿಕಿರಣ ಇಲ್ಲ. ಡಾಕ್ಟರಿಗೆ ಬೇಜಾರಾದೀತು ಅಂತ ಸುಮ್ಮನಿರಬೇಡಿ. ಮಗ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಆಗ ಮಾತ್ರ ಈ ಲೆಕ್ಕವೆಲ್ಲ ಬಿಟ್ಟು ತಕ್ಷಣ ಗಾಡಿ ಹತ್ತಿಸಿ.

– ಸಂ.