ಓದುಗರ ಪ್ರಶ್ನೆ: ಬಾಸ್ ಕಳಿಸಿದ ಒಂಟಿ 'ಜೆ'

ಪ್ರಶ್ನೆ: ನಮ್ಮ ಬಾಸ್ ಮೇಲ್ ಬರೆದಾಗಲೆಲ್ಲ ಕೊನೆಯಲ್ಲಿ ಇಂಗ್ಲಿಷಿನ 'ಜೆ' ಒಂಟಿಯಾಗಿ ನಿಂತಿರುತ್ತದೆ. 'ರಿಪೋರ್ಟ್ ಇವತ್ತೇ ಬೇಕು ಜೆ' ಅಂತ. ಅವರ ಹೆಸರಿನಲ್ಲಂತೂ ಜೆ ಇಲ್ಲ. ಏನು ಸಾರ್ ಇದು?
— ಸರಸ್ವತಿಪುರಂ, ಮೈಸೂರು

ಉತ್ತರ: ಅವರು ನಕ್ಕಿದ್ದಾರೆ, ನಿಮಗೆ ಕಾಣಿಸಿಲ್ಲ, ಅಷ್ಟೇ. ಔಟ್‌ಲುಕ್ ಅನ್ನೋ ಮೇಲ್ ತಂತ್ರಾಂಶದಲ್ಲಿ ಕೋಲನ್ ಹಾಕಿ ಪಕ್ಕದಲ್ಲಿ ಬ್ರಾಕೆಟ್ ಮುಚ್ಚಿದರೆ ಅದು ತಾನಾಗಿಯೇ ನಗುಮುಖ ಆಗಿಬಿಡುತ್ತದೆ. ಆದರೆ ಅದು ಅಕ್ಷರದ ಬದಲು ಚಿತ್ರ ತೋರಿಸುವ ವಿಂಗ್‌ಡಿಂಗ್ಸ್ ಅನ್ನೋ ಫಾಂಟಿನ ವೇಷ ಹಾಕಿದ ಜೆ. ನಿಮ್ಮ ಫೋನಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತು, ಬರೀ ಜೆ ಉಳಿಯಿತು. ಮುಂದೆ 'ಎಲ್' ಬಂದರೆ ಹುಷಾರು, ಅದು ಸಪ್ಪೆ ಮೋರೆ.

ಪ್ರಶ್ನೆ: ಮೊಮ್ಮಗ ಕಂಪ್ಯೂಟರಿನಲ್ಲಿ ಮಂಡ್ಯ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು ಅದೇನೋ ಫಾಂಟ್ ಬದಲಾಯಿಸಿದ. ಬಾಂಬು, ತಲೆಬುರುಡೆ ಎಲ್ಲ ಬಂತು! ನಮ್ಮೂರಿನ ಮೇಲೆ ಯಾರಿಗೆ ಸಿಟ್ಟು?
— ಗುತ್ತಲು ರಸ್ತೆ, ಮಂಡ್ಯ

ಉತ್ತರ: ಯಾರಿಗೂ ಇಲ್ಲ ಸ್ವಾಮಿ. ಇದೂ ವಿಂಗ್‌ಡಿಂಗ್ಸೇ. ಚಾರ್ಲ್ಸ್ ಬಿಗೆಲೋ ಮತ್ತು ಕ್ರಿಸ್ ಹೋಮ್ಸ್ ಬಿಡಿಸಿದ್ದ ಗುರುತುಗಳನ್ನು 1990ರಲ್ಲಿ ಮೈಕ್ರೋಸಾಫ್ಟ್ ಕೊಂಡು, ಒಂದೊಂದು ಕೀಲಿಗೆ ಒಂದೊಂದು ಚಿತ್ರ ಕೂರಿಸಿತು. ಎ ಇಂದ ಐ ವರೆಗೆ ಬರೀ ಕೈಗಳು, ಜೆ, ಕೆ, ಎಲ್ ಮುಖಗಳು, ಎಂ ಬಾಂಬು, ಎನ್ ಬುರುಡೆ. ಹಾಗಾಗಿ ನಿಮ್ಮೂರು ಬಾಂಬು, ಎರಡು ಬೆರಳೆತ್ತಿದ ಕೈ, ಬುರುಡೆ, ಕೆಳಗೆ ತೋರಿಸಿದ ಹೆಬ್ಬೆರಳು, ಆರು ಮೂಲೆ ನಕ್ಷತ್ರ, ಮತ್ತೆ ಎರಡು ಬೆರಳೆತ್ತಿದ ಕೈ ಆಯಿತು. ಗೆಲುವಿನ ಕೈ ಎರಡು ಸಲ ಬಂದಿದೆಯಲ್ಲ, ಅದನ್ನು ಯಾಕೆ ಹೇಳಲಿಲ್ಲ ನೀವು? ಮೈಸೂರಿನವರು ನಗುವ ಹಾಗಿಲ್ಲ, ಅವರಿಗೂ ಮೊದಲು ಬಾಂಬೇ, ನಡುವೆ ಮಾತ್ರ ಒಂದು ಹನಿ ನೀರು. (ನೀರನ್ನು ಮಂಡ್ಯಕ್ಕೆ ಬಿಡದೆ ಮೈಸೂರಿಗೆ ಕೊಟ್ಟದ್ದಕ್ಕೆ ಬೇಕಾದರೆ ಧರಣಿ ಕೂರಿ.)

ಪ್ರಶ್ನೆ: ಗೃಹಪ್ರವೇಶದ ಪತ್ರವನ್ನು 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದೆ. ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಪೌಂಡಿನ ಗುರುತು!
— ಶ್ರೀರಂಗಪಟ್ಟಣ

ಉತ್ತರ: ಇದೂ ಜೆ ಕಥೆಯೇ. ನುಡಿಯ ಹಳೇ ಫಾಂಟುಗಳಲ್ಲಿ 'ನ' ಕೂತಿರುವುದು ಪೌಂಡಿನ ಜಾಗದಲ್ಲಿ, 'ಕ' ಇಂಗ್ಲಿಷಿನ 'ಪಿ' ಜಾಗದಲ್ಲಿ. ವಾಟ್ಸಾಪ್ ಅಕ್ಷರ ಒಯ್ಯುತ್ತದೆ, ಫಾಂಟ್ ಒಯ್ಯುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಾದರೆ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ, ಯಾರ ಜಾಗದಲ್ಲೂ ಕೂರಬೇಕಾಗಿಲ್ಲ. ವಿಂಗ್‌ಡಿಂಗ್ಸ್ ಚಿತ್ರಗಳಲ್ಲಿ ಹೀಗೆ ಸಂಖ್ಯೆ ಸಿಗದೆ ಉಳಿದಿದ್ದವಕ್ಕೂ 2014ರಲ್ಲಿ ಬಹುಪಾಲು ಸಿಕ್ಕಿತು. ಟೈಪ್ ಮಾಡಿದವರಿಗೆ ಯೂನಿಕೋಡ್‌ಗೆ ಬದಲಾಯಿಸಿ ಕೊಡಿ ಅನ್ನಿ. ಪುರುಸೊತ್ತಿಲ್ಲ ಅಂದರೆ ಪಿಡಿಎಫ್ ಮಾಡಿಸಿ ಕಳಿಸಿ, ಅದರಲ್ಲಿ ಸಾಮಾನ್ಯವಾಗಿ ಫಾಂಟೂ ಜೊತೆಗೇ ಹೋಗುತ್ತದೆ.