ಸಿನಾಯ್ ಬೆಟ್ಟ ಇಳಿದು ಬಂದ ಮೇಲೆ ಸಂತ ಕ್ಯಾಥರೀನ್ ಮಠಕ್ಕೆ ಒಂದು ಗಂಟೆ ಸಾಕೇ?

ರಾತ್ರಿಯೆಲ್ಲ ಈಜಿಪ್ಟಿನ ಸಿನಾಯ್ ಬೆಟ್ಟ ಹತ್ತಿ, ಸೂರ್ಯೋದಯ ನೋಡಿ, ಇಳಿದು ಬಂದ ಮೇಲೆ ಉಳಿಯುವ ಒಂದು ಗಂಟೆಯಲ್ಲಿ ಮಠವನ್ನೂ ಅದರ ವಸ್ತುಸಂಗ್ರಹಾಲಯವನ್ನೂ ನೋಡಬಹುದೇ ಎಂದು ಕೇಳಿದ್ದೀರಿ. ನೋಡಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಸಲ ನಾನೂ ಹಾಗೆಯೇ 2285 ಮೀಟರ್ ಎತ್ತರದ ಶಿಖರದಿಂದ ನಿದ್ದೆಗೆಟ್ಟು ಇಳಿದು ಬಂದು, ಒಳಗೆ ಕಂಡ ಯಾವುದನ್ನೂ ಮನಸ್ಸಿಗೆ ತಂದುಕೊಳ್ಳಲಾಗದೆ ಹೊರಬಂದಿದ್ದೆ. ಮಠಕ್ಕಾಗಿಯೇ ಮತ್ತೊಮ್ಮೆ ಹೋಗಬೇಕಾಯಿತು.

ಮಠವನ್ನು ಕಟ್ಟಿಸಿದವನು ಬೈಜಾಂಟೈನ್ (ಪೂರ್ವ ರೋಮನ್) ಚಕ್ರವರ್ತಿ ಜಸ್ಟಿನಿಯನ್. ಚರ್ಚಿನ ಚಾವಣಿಯ ಮರದ ತೊಲೆಗಳ ಮೇಲಿನ ಗ್ರೀಕ್ ಬರಹ ಅವನನ್ನು ಬದುಕಿರುವವನೆಂದೂ ರಾಣಿ ಥಿಯೊಡೊರಾಳನ್ನು ತೀರಿಕೊಂಡವಳೆಂದೂ ಹೇಳುತ್ತದೆ. ರಾಣಿ ತೀರಿಕೊಂಡದ್ದು 548ರಲ್ಲಿ, ಅವನು 565ರಲ್ಲಿ, ಆದ್ದರಿಂದ ಚರ್ಚು ಈ ಎರಡು ವರ್ಷಗಳ ನಡುವಿನದು. ಒಂದು ಕಟ್ಟಡದ ಕಾಲವನ್ನು ಅದರ ತೊಲೆಗಳೇ ಹೀಗೆ ಹೇಳುವುದು ನನಗೆ ಇಂದಿಗೂ ರೋಮಾಂಚನ ತರುತ್ತದೆ. ಬೈಬಲಿನ ಪ್ರವಾದಿ ಮೋಶೆ ಕಂಡ ಉರಿಯುವ ಪೊದೆಯೆಂದು ನಂಬಲಾದ, ಮಠದೊಳಗಿನ ಗಿಡದ ಸುತ್ತ ಸದಾ ಜನಸಂದಣಿ ಇರುತ್ತದೆ. ಅದನ್ನು ಕೊನೆಗೆ ನೋಡಿದರೂ ಆದೀತು.

ನಿಮ್ಮ ಸಮಯವೆಲ್ಲ ವಸ್ತುಸಂಗ್ರಹಾಲಯಕ್ಕೆ ಇರಲಿ. ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ಬೈಜಾಂಟೈನ್ ಸಾಮ್ರಾಜ್ಯದೊಳಗೆ ಚಕ್ರವರ್ತಿಗಳ ಆಜ್ಞೆಯಂತೆ ಪವಿತ್ರ ಚಿತ್ರಗಳನ್ನು ನಾಶಮಾಡುತ್ತಿದ್ದಾಗ ಸಿನಾಯ್ ಅರಬರ ಆಳ್ವಿಕೆಯಲ್ಲಿತ್ತು. ಆ ಆಜ್ಞೆ ಇಲ್ಲಿಗೆ ತಲುಪದ್ದರಿಂದ ಬೇರೆಡೆ ತೀರ ಅಪರೂಪವಾದಷ್ಟು ಹಳೆಯ ಚಿತ್ರಗಳು ಇಲ್ಲಿ ಉಳಿದಿವೆ. ಅವುಗಳಲ್ಲಿ, ಬಿಸಿ ಮೇಣದಲ್ಲಿ ಬಣ್ಣ ಕಲಸಿ ಮರದ ಹಲಗೆಯ ಮೇಲೆ ಬರೆದ, ಆರನೆಯ ಶತಮಾನದ ಕ್ರಿಸ್ತನ ಮುಖದ ಮುಂದೆ ನಿಧಾನವಾಗಿ ನಿಲ್ಲಿ. ಅಂಗೈಯಿಂದ ಮುಖದ ಒಂದು ಅರ್ಧವನ್ನು ಮರೆಮಾಡಿಕೊಂಡು ನೋಡಿದರೆ, ನಮ್ಮ ಎಡಕ್ಕಿರುವ ಭಾಗ ಶಾಂತವಾಗಿ, ಅಭಯ ಕೊಡುವಂತಿದೆ. ಬಲಕ್ಕಿರುವ ಭಾಗದಲ್ಲಿ ಹುಬ್ಬು ಮೇಲೆದ್ದು, ಕೆನ್ನೆಗೆ ನೆರಳು ಬಿದ್ದು, ನ್ಯಾಯ ವಿಚಾರಿಸುವವನ ನಿಷ್ಠುರತೆಯಿದೆ. ಕೈ ತೆಗೆದರೆ ಎರಡೂ ಒಂದೇ ಮುಖವಾಗುತ್ತವೆ. ಹನ್ನೆರಡನೆಯ ಶತಮಾನದ ಇನ್ನೊಂದು ಚಿತ್ರದಲ್ಲಿ ಸನ್ಯಾಸಿಗಳು ಸ್ವರ್ಗಕ್ಕೆ ಏಣಿ ಹತ್ತುತ್ತಿದ್ದಾರೆ, ಪುಟ್ಟ ಕಪ್ಪು ದೆವ್ವಗಳು ಅವರನ್ನು ಕೆಳಕ್ಕೆಳೆಯುತ್ತಿವೆ. ಆ ಏಣಿಯ ಕಲ್ಪನೆಯನ್ನು ಬರೆದಿಟ್ಟ ಜಾನ್ ಕ್ಲಿಮಾಕಸ್ ಇದೇ ಮಠದ ಮುಖ್ಯಸ್ಥನಾಗಿದ್ದವನು.

ಮಠ ಸಾಮಾನ್ಯವಾಗಿ ಬೆಳಗಿನ ಕೆಲವೇ ಗಂಟೆ ತೆರೆದಿರುತ್ತದೆ. ಶುಕ್ರವಾರ, ಭಾನುವಾರ ಮತ್ತು ಅವರ ಹಬ್ಬಗಳಂದು ಪ್ರವಾಸಿಗರಿಗೆ ಪ್ರವೇಶವಿಲ್ಲದಿರಬಹುದು, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಹತ್ತಿರದ ಊರಿನಲ್ಲಿ ಒಂದು ರಾತ್ರಿ ಹೆಚ್ಚು ಉಳಿದು, ಚೆನ್ನಾಗಿ ನಿದ್ದೆ ಮಾಡಿ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.